ವಿಲಾಯತಿ ಹತ್ತಿಯಿಂದ ಉಕ್ಕಿನ ಕಾರ್ಖಾನೆಯವರೆಗೆ: ಗದಗ ಸೀಮೆಗೆ ಬಂದ ದೊಡ್ಡ ಯೋಜನೆಗಳು

ಗದಗ ಸೀಮೆಗೆ ಹೊರದೇಶದ ಬೀಜ, ಯಂತ್ರ, ಹಣ ಬರತೊಡಗಿ ನೂರೆಂಬತ್ತು ವರ್ಷಗಳಾದವು. 1840ರ ದಶಕದಲ್ಲಿ ಅಮೆರಿಕದ ಹತ್ತಿ ಬಂತು. 1880ರ ದಶಕದಲ್ಲಿ ಲಂಡನ್ನಿನ ಬಂಡವಾಳದ ರೈಲು ಬಂತು. ನೂರು ವರ್ಷ ಕಳೆದ ಮೇಲೆ ವಿಶ್ವ ಬ್ಯಾಂಕ್ ನೆರವಿನ ನೀಲಗಿರಿ ಸಸಿ, ಆಮೇಲೆ ಸಾಲದ ಹಣದ ಕುಡಿಯುವ ನೀರು, 2010ರಲ್ಲಿ ದಕ್ಷಿಣ ಕೊರಿಯಾದ ಉಕ್ಕಿನ ಕಾರ್ಖಾನೆಯ ಪ್ರಸ್ತಾವ ಬಂದವು. ಇವೆಲ್ಲ ಜನರ ಏಳಿಗೆಯ ಹೆಸರಿನಲ್ಲೇ ಬಂದರೂ ಊರಿಗೆ ದಕ್ಕಿದ್ದು ಒಂದೊಂದರಿಂದ ಒಂದೊಂದು ಪ್ರಮಾಣದಲ್ಲಿ. ಈ ವ್ಯತ್ಯಾಸಕ್ಕೆ ಕಾರಣಗಳು ಸೀಮೆಯ ಚರಿತ್ರೆಯಲ್ಲೇ ಸಿಗುತ್ತವೆ.

ಇಂದಿನ ಗದಗ ಜಿಲ್ಲೆ 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರೆಯಾಯಿತು. ಗದಗ ತಾಲ್ಲೂಕಿನ ಅಂತೂರ-ಬೆಂತೂರ, ಹುಲಕೋಟಿ, ಮುಳಗುಂದ ಕಡೆಯ ಹೊಲಗಳು ಹೆಚ್ಚಾಗಿ ಎರಿ ಭೂಮಿ. ಹತ್ತಿ, ಬಿಳಿಜೋಳ, ಕಡಲೆ, ಕುಸುಬಿ ಇಲ್ಲಿನ ಹಿಂಗಾರಿ ಬೆಳೆಗಳು. ಶಿರಹಟ್ಟಿ, ಮುಂಡರಗಿ ಕಡೆಗೆ ಕಪ್ಪತಗುಡ್ಡದ ಸಾಲು ಹಬ್ಬಿದ್ದು, ಅದರ ಬುಡದಲ್ಲಿ ಮಸಾರಿ ಹೊಲಗಳಿವೆ. ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತದೆ. ಮಳೆ ಕಡಿಮೆ, ಬರ ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ಗದಗ, ಮುಂಡರಗಿ ಧಾರವಾಡ ಕಲೆಕ್ಟರರ ಆಡಳಿತಕ್ಕೆ ಸೇರಿದ್ದರೆ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದವು.

ಅಮೆರಿಕದ ಬೀಜ

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಮ್ಯಾಂಚೆಸ್ಟರ್ ಸುತ್ತಲಿನ ಗಿರಣಿಗಳು ಬಹುಮಟ್ಟಿಗೆ ಅಮೆರಿಕದ ಹತ್ತಿಯನ್ನೇ ನಂಬಿಕೊಂಡಿದ್ದವು. ಒಂದೇ ದೇಶವನ್ನು ಹೀಗೆ ನೆಚ್ಚಿಕೊಳ್ಳುವುದು ಅಪಾಯವೆಂದು ಅರಿತ ಗಿರಣಿ ಮಾಲೀಕರು ಭಾರತದಲ್ಲೂ ಅಂಥದೇ ಉದ್ದ ಎಳೆಯ ಹತ್ತಿ ಬೆಳೆಸಬೇಕೆಂದು ಒತ್ತಾಯಿಸುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಕರೆಸಿತು. ಅವರ ಜತೆ ನ್ಯೂ ಆರ್ಲಿಯನ್ಸ್ ತಳಿಯ ಬೀಜವೂ ಗರಗಸದ ಹಲ್ಲಿನ ಜಿನ್ನುಗಳೂ ಬಂದವು. ಮುಂಬಯಿ ಪ್ರಾಂತಕ್ಕೆ ಬಂದವರಲ್ಲಿ ಮರ್ಸರ್ ಎಂಬುವರು ಧಾರವಾಡ ಜಿಲ್ಲೆಗೆ ನೇಮಕವಾದರು. ಹುಬ್ಬಳ್ಳಿ ಬಳಿಯ ಕುಸುಗಲ್ಲಿನಲ್ಲೂ ಗದಗದಲ್ಲೂ ಸರ್ಕಾರಿ ಪ್ರಯೋಗ ಕ್ಷೇತ್ರಗಳು ಆರಂಭವಾದವು. ಆಗಿನ ಕಲೆಕ್ಟರ್ ಷಾ ರೈತರಿಗೆ ಬೀಜ ಹಂಚಿಸಿ, ಬೆಳೆದ ಹತ್ತಿಯನ್ನು ಸರ್ಕಾರವೇ ಕೊಳ್ಳುವ ಏರ್ಪಾಡು ಮಾಡಿದರು.

ಬೇರೆ ಜಿಲ್ಲೆಗಳಲ್ಲಿ ಒಣಗಿಹೋದ ಅಮೆರಿಕದ ಬೀಜ ಧಾರವಾಡದಲ್ಲಿ ಹಿಡಿಯಿತು. ಪಶ್ಚಿಮದ ಮಳೆಯ ಸೆರಗು ಇಲ್ಲಿಯವರೆಗೆ ಚಾಚುವುದೂ, ಈಶಾನ್ಯದ ಮಳೆಯ ಒಂದೆರಡು ಹದ ಸಿಗುವುದೂ ಅದಕ್ಕೆ ಅನುಕೂಲವಾದವು. ಊರಿನವರು ಅದನ್ನು ವಿಲಾಯತಿ ಹತ್ತಿ ಎಂದರು, ಮೊದಲಿನಿಂದ ಬೆಳೆಯುತ್ತಿದ್ದುದು ಜವಾರಿ ಹತ್ತಿ. ಜವಾರಿ ಅರಳೆ ಹೇರೆತ್ತುಗಳ ಮೇಲೆ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿದ್ದುದರಿಂದ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂಬ ಹೆಸರಿತ್ತು.

ಪ್ರಯೋಗ ಕ್ಷೇತ್ರಗಳ ಕಥೆ ಬೇರೆಯಾಯಿತು. ಅವುಗಳಿಗೆ ಮಾಡಿದ ಖರ್ಚು ಹುಟ್ಟಲಿಲ್ಲ. 1847ರಲ್ಲಿ ಮರ್ಸರ್ ತಮ್ಮ ಅನುಭವವನ್ನು ಸರ್ಕಾರಕ್ಕೆ ಬರೆದು ತಿಳಿಸಿದರು. ಪ್ರಯೋಗ ಕ್ಷೇತ್ರಗಳು ದಂಡದ ಖರ್ಚು, ಅಮೆರಿಕದ ಬೇಸಾಯ ಪದ್ಧತಿ ಈ ನೆಲಕ್ಕೆ ಹೊಂದುವುದಿಲ್ಲ, ಇಲ್ಲಿನ ಹವೆಯನ್ನೂ ಮಣ್ಣನ್ನೂ ಬಲ್ಲ ರೈತರು ಯಾವ ಯುರೋಪಿಯನ್ನನಿಗಿಂತಲೂ ಚೆನ್ನಾಗಿ, ಕಡಿಮೆ ಖರ್ಚಿನಲ್ಲಿ ಹತ್ತಿ ಬೆಳೆಯಬಲ್ಲರು, ಆದ್ದರಿಂದ ಕ್ಷೇತ್ರಗಳನ್ನು ಮುಚ್ಚಬೇಕು ಎಂಬುದು ಅವರ ವರದಿಯ ಸಾರ. ಕಲಿಸಲು ಬಂದ ಪರಿಣತನೇ ಕಲಿಸುವ ಅಗತ್ಯವಿಲ್ಲವೆಂದು ದಾಖಲೆಯಲ್ಲಿ ಒಪ್ಪಿಕೊಂಡ ಅಪರೂಪದ ಪ್ರಸಂಗವಿದು. ಬೀಜ ಉಳಿಯಿತು, ಬೇಸಾಯದ ಪಾಠ ಉಳಿಯಲಿಲ್ಲ. ರೈತರು ವಿಲಾಯತಿ ಹತ್ತಿಯನ್ನು ತಮ್ಮ ಕೂರಿಗೆಯಲ್ಲಿ, ತಮ್ಮ ಹದ ನೋಡಿ, ಜೋಳದೊಡನೆ ಸರದಿಯ ಮೇಲೆ ಬಿತ್ತಿಕೊಂಡರು.

ಜಿನ್ನು, ಬೆಲೆ, ಕಾಯಿದೆ

ಹೊಸ ಹತ್ತಿಯ ತೊಡಕು ಹೊಲದಲ್ಲಿರಲಿಲ್ಲ, ಅರಳೆ ಬಿಡಿಸುವುದರಲ್ಲಿತ್ತು. ಜವಾರಿ ಹತ್ತಿಯ ಕಾಳನ್ನು ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿ ಬೇರ್ಪಡಿಸುತ್ತಿದ್ದರು. ವಿಲಾಯತಿ ಹತ್ತಿಯ ಕಾಳಿಗೆ ಎಳೆ ಬಿಗಿಯಾಗಿ ಅಂಟಿಕೊಂಡಿದ್ದರಿಂದ ಆ ಸಲಾಕೆಗೆ ಅದು ಬಗ್ಗುತ್ತಿರಲಿಲ್ಲ. ಅದಕ್ಕೆ ಗರಗಸದ ಜಿನ್ನೇ ಬೇಕು. ಸರ್ಕಾರ ಧಾರವಾಡದಲ್ಲಿ ಜಿನ್ನು ತಯಾರಿಸುವ, ದುರಸ್ತಿ ಮಾಡುವ ಕಾರ್ಖಾನೆ ತೆರೆಯಿತು. ಡಾ. ಫೋರ್ಬ್ಸ್ ಅದರ ಮೇಲ್ವಿಚಾರಕರಾಗಿದ್ದರು. ಬೀಜವನ್ನು ಪುಕ್ಕಟೆ ಹಂಚಬಹುದಿತ್ತು. ಅದರ ಬೆನ್ನಿಗೆ ಬೇಕಾದ ಯಂತ್ರ, ಬಿಡಿಭಾಗ, ಅದನ್ನು ಬಲ್ಲ ಬಡಿಗ-ಕಮ್ಮಾರರನ್ನು ಊರೂರಿಗೆ ಒದಗಿಸುವುದು ಅಷ್ಟು ಸುಲಭವಿರಲಿಲ್ಲ. ಹಲ್ಲು ಮೊಂಡಾದ ಜಿನ್ನುಗಳು ಎಳೆಯನ್ನು ಕತ್ತರಿಸಿಹಾಕುತ್ತಿದ್ದವು. ಉದ್ದ ಎಳೆಗೆಂದೇ ತಂದ ಹತ್ತಿ ತುಂಡಾಗಿ ಪೇಟೆ ಸೇರಿತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿನ ಬಂದರುಗಳು ಮುಚ್ಚಿದವು. ಮ್ಯಾಂಚೆಸ್ಟರಿನ ಕಣ್ಣೆಲ್ಲ ಧಾರವಾಡದಂಥ ಜಿಲ್ಲೆಗಳ ಮೇಲೆ ಬಿತ್ತು. ಹತ್ತಿಯ ಬೆಲೆ ಹಿಂದೆಂದೂ ಕಾಣದಷ್ಟು ಏರಿತು. ಆ ಹೊತ್ತಿಗೆ ಜಿಲ್ಲೆಯಲ್ಲಿ ವಿಲಾಯತಿ ಹತ್ತಿ ಲಕ್ಷ ಎಕರೆ ದಾಟಿತ್ತು. ಕುಮಟಾ ಬಂದರು ಸಾಲದೆಂದು ಕಾರವಾರದಲ್ಲಿ ಬಂದರು, ಅಲ್ಲಿಗೆ ಅರಬೈಲ್ ಘಟ್ಟದ ಮೂಲಕ ಗಾಡಿ ರಸ್ತೆ ಮಾಡುವ ಕೆಲಸ ಚುರುಕಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದಕ್ಕೆ ಹತ್ತಿ ವ್ಯಾಪಾರಿಗಳ ಒತ್ತಾಯವೂ ಒಂದು ಕಾರಣ. ಒಂದು ಜಿಲ್ಲೆಯ ಗಡಿಯೇ ದೂರದ ಗಿರಣಿಗಳ ಅಗತ್ಯಕ್ಕೆ ತಕ್ಕಂತೆ ಸರಿಯಿತು.

ಬೆಲೆ ಏರಿದಾಗ ರೈತರ ಕೈಗೂ ಹಣ ಬಂತು. ಸಾವಕಾರರ ಸಾಲ ತೀರಿಸಿದವರು, ಎತ್ತು ಕೊಂಡವರು, ಚಿನ್ನ ಮಾಡಿಸಿದವರು ಇದ್ದರು. ಆದರೆ ಕಂದಾಯವೂ ಜೋಳದ ಬೆಲೆಯೂ ಜತೆಗೇ ಏರಿದವು. 1865ರಲ್ಲಿ ಯುದ್ಧ ಮುಗಿದು ಅಮೆರಿಕದ ಹತ್ತಿ ಮತ್ತೆ ಹಡಗು ಹತ್ತುತ್ತಿದ್ದಂತೆ ಬೆಲೆ ಕುಸಿಯಿತು. ಮುಂಬಯಿಯಲ್ಲಿ ಬ್ಯಾಂಕುಗಳೇ ಮುಳುಗಿದ ವರ್ಷ ಅದು. ಮ್ಯಾಂಚೆಸ್ಟರಿನ ಗಿರಣಿಗಳು ಹಳೆಯ ಗಿರಾಕಿಯತ್ತ ತಿರುಗಿಕೊಂಡರೆ, ಬಿತ್ತಿದ ಹೊಲದ ಜತೆ ಉಳಿದುಕೊಂಡವರು ಇಲ್ಲಿನ ರೈತರು.

ಇದೇ ಕಾಲದಲ್ಲಿ ಧಾರವಾಡದ ಹತ್ತಿಗೆ ಕಲಬೆರಕೆಯ ಅಪಖ್ಯಾತಿ ಅಂಟಿತು. ವಿಲಾಯತಿಯಲ್ಲಿ ಜವಾರಿ ಬೆರೆಸುವುದು, ಅರಳೆಯಲ್ಲಿ ಕಾಳು, ಎಲೆ, ಮಣ್ಣು ಉಳಿಸುವುದು ನಡೆಯುತ್ತಿತ್ತು. ಮುಂಬಯಿ ಸರ್ಕಾರ 1863ರಲ್ಲಿ ಹತ್ತಿ ವಂಚನೆ ತಡೆ ಕಾಯಿದೆ ತಂದು ಇನ್‌ಸ್ಪೆಕ್ಟರುಗಳನ್ನು ನೇಮಿಸಿತು. ಖರ್ಚಿಗೆ ಹತ್ತಿಯ ಮೇಲೆಯೇ ಸೆಸ್ ಹಾಕಿತು. ಕಲಬೆರಕೆ ಬಹುಪಾಲು ನಡೆಯುತ್ತಿದ್ದುದು ರೈತನ ಕಣದಿಂದ ಅಂಡಿಗೆ ಕಟ್ಟುವ ಜಾಗದವರೆಗಿನ ಕೈಗಳಲ್ಲಿ. ಶುದ್ಧ ಹತ್ತಿ ತಂದ ರೈತನಿಗೆ ಹೆಚ್ಚು ಬೆಲೆ ಸಿಗುವ ವ್ಯವಸ್ಥೆ ಪೇಟೆಯಲ್ಲಿ ಇರಲಿಲ್ಲ. ಕಾಯಿದೆ ತಪ್ಪಿಗೆ ದಂಡ ಹಾಕಿತು, ಒಳ್ಳೆಯ ಮಾಲಿಗೆ ಲಾಭ ತೋರಿಸಲಿಲ್ಲ. ಇಪ್ಪತ್ತು ವರ್ಷ ಕಳೆಯುವುದರೊಳಗೆ ಅದನ್ನು ಕೈಬಿಡಬೇಕಾಯಿತು. ಬೀಜ ಬೆರೆತು ಬೆರೆತು ಶತಮಾನದ ಕೊನೆಗೆ ಧಾರವಾಡ-ಅಮೆರಿಕನ್ ಹತ್ತಿಯ ತಳಿಯೇ ಕೆಟ್ಟಿತು.

ರೈಲು ಮತ್ತು ಸಹಕಾರ ಸಂಘ

1876ರಿಂದ 1878ರವರೆಗಿನ ಬರ ಬೆಳವಲ ಸೀಮೆಯನ್ನು ಬಡಿಯಿತು. ಆಗ ಗದಗಕ್ಕೆ ಹತ್ತಿರದ ರೈಲು ನಿಲ್ದಾಣ ಬಳ್ಳಾರಿ. ದನಕರುಗಳೇ ಸಾಯುತ್ತಿದ್ದುದರಿಂದ ಧಾನ್ಯ ತರಲು ಗಾಡಿ ಎಳೆಯುವ ಎತ್ತುಗಳೂ ಸಿಗುತ್ತಿರಲಿಲ್ಲ. ಬರ ಪರಿಹಾರಕ್ಕೆ ರೈಲು ಅಗತ್ಯವೆಂಬ ತೀರ್ಮಾನವಾಗಿ, ಲಂಡನ್ನಿನಲ್ಲಿ ಬಂಡವಾಳ ಕೂಡಿಸಿದ ಸದರ್ನ್ ಮರಾಠಾ ರೈಲ್ವೆ ಕಂಪನಿ 1882ರಲ್ಲಿ ಹುಟ್ಟಿತು. ಅದರ ಬಂಡವಾಳದ ಬಡ್ಡಿಗೆ ಸರ್ಕಾರದ ಖಾತ್ರಿಯಿತ್ತು, ಆ ಖಾತ್ರಿಯ ಭಾರ ಹೊತ್ತದ್ದು ಭಾರತದ ಬೊಕ್ಕಸ. 1884ರ ಸುಮಾರಿಗೆ ಹೊಟಗಿ, ಬಳ್ಳಾರಿ, ಹುಬ್ಬಳ್ಳಿ ಕಡೆಯ ಮೀಟರ್ ಗೇಜ್ ದಾರಿಗಳು ಗದಗದಲ್ಲಿ ಕೂಡಿದವು. 1888ರಲ್ಲಿ ಕ್ಯಾಸಲ್‌ರಾಕ್ ಮೂಲಕ ಮುರ್ಮುಗೋವಾ ಬಂದರಿಗೂ ಸಂಪರ್ಕವಾಯಿತು.

ಬರಕ್ಕೆಂದು ಹಾಕಿದ ರೈಲು ಹೆಚ್ಚಾಗಿ ಹೊತ್ತದ್ದು ಹತ್ತಿಯನ್ನು. ಹಾಗೆಂದು ಅದನ್ನು ಲೂಟಿಯ ಸಾಧನವೆಂದಷ್ಟೇ ಬದಿಗಿಡಲಾಗದು. ಮುಂದಿನ ಬರಗಳಲ್ಲಿ ಹೊರಗಿನ ಜೋಳ, ಅಕ್ಕಿ ಗದಗ ತಲುಪಿದ್ದು ಅದರಿಂದಲೇ. ಗದಗ ದೊಡ್ಡ ಹತ್ತಿ ಪೇಟೆಯಾಯಿತು. ಉಗಿ ಯಂತ್ರದ ಜಿನ್ನಿಂಗ್, ಪ್ರೆಸ್ಸಿಂಗ್ ಕಾರ್ಖಾನೆಗಳು ಬಂದವು, ಕೂಲಿ ಸಿಕ್ಕಿತು, ಅಡತಿ ಅಂಗಡಿಗಳ ಸಾಲು ಬೆಳೆಯಿತು. ಮನೆಯಲ್ಲಿ ಹೆಂಗಸರು ಮಾಡುತ್ತಿದ್ದ ಸಲಾಕೆಯ ಕೆಲಸ ಮಾತ್ರ ಕ್ರಮೇಣ ನಿಂತಿತು. ಬೆಲೆ ನಿಗದಿಯಾಗುತ್ತಿದ್ದುದು ಮುಂಬಯಿಯಲ್ಲಿ, ಲಿವರ್‌ಪೂಲಿನಲ್ಲಿ. ತೂಕ, ದಲಾಲಿ, ಬಡ್ಡಿಯ ಲೆಕ್ಕ ಅಡತಿಯವರ ಕೈಯಲ್ಲಿತ್ತು.

ಈ ಸ್ಥಿತಿಗೆ ಮೊದಲ ಗಟ್ಟಿ ಉತ್ತರ ಗದಗ ತಾಲ್ಲೂಕಿನ ಕಣಗಿನಹಾಳದಿಂದ ಬಂತು. ಜರ್ಮನಿಯಲ್ಲಿ ರೈಫೈಸನ್ ಕಟ್ಟಿದ ಗ್ರಾಮೀಣ ಸಾಲ ಸಂಘಗಳ ಮಾದರಿಯನ್ನು ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಭಾರತಕ್ಕೆ ಶಿಫಾರಸು ಮಾಡಿದ್ದರು. 1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾಯಿದೆ ಬಂತು. ಮರುವರ್ಷವೇ, 1905ರ ಮೇ 8ರಂದು, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕಣಗಿನಹಾಳದ ಸಂಘ ನೋಂದಣಿಯಾಯಿತು. ದೇಶದ ಸಹಕಾರಿ ಚಳವಳಿಯ ಮೊದಲ ಸಂಘಗಳಲ್ಲಿ ಅದಕ್ಕೆ ಅಗ್ರಸ್ಥಾನವಿದೆ. ಅದರ ಮೂಲ ಕಲ್ಪನೆಯೂ ಹೊರದೇಶದ್ದೇ. ಆದರೆ ಸದಸ್ಯರು ಒಂದೇ ಊರಿನವರು, ಸಾಲ ಯಾರಿಗೆ ಎಂದು ನಿರ್ಧರಿಸುವವರು ಅವರೇ, ವಸೂಲಾಗದಿದ್ದರೆ ಹೊಣೆ ಹೊರುವವರೂ ಅವರೇ.

ಅದರ ಬೆನ್ನಿಗೆ 1910ರ ದಶಕದಲ್ಲಿ ಹುಬ್ಬಳ್ಳಿ, ಗದಗಗಳಲ್ಲಿ ಸಹಕಾರಿ ಹತ್ತಿ ಮಾರಾಟ ಸಂಘಗಳು ಹುಟ್ಟಿದವು. ರೈತರ ಹತ್ತಿಯನ್ನು ದರ್ಜೆ ನೋಡಿ ವಿಂಗಡಿಸಿ, ಬಹಿರಂಗವಾಗಿ ಮಾರಿ, ಹಣವನ್ನು ನೇರವಾಗಿ ಕೊಡುವುದು ಅವುಗಳ ಕೆಲಸ. ಇತ್ತ ಕೃಷಿ ಇಲಾಖೆ ಕೆಟ್ಟುಹೋಗಿದ್ದ ಧಾರವಾಡ-ಅಮೆರಿಕನ್ ಹತ್ತಿಯಲ್ಲೇ ಒಳ್ಳೆಯ ಗಿಡಗಳನ್ನು ಆರಿಸಿ ಗದಗ-1 ಎಂಬ ತಳಿ ತೆಗೆಯಿತು. ಶುದ್ಧ ಬೀಜ ಬಿತ್ತಿದವನಿಗೆ ಸಂಘದ ಹರಾಜಿನಲ್ಲಿ ಹೆಚ್ಚಿನ ಬೆಲೆ ಸಿಗತೊಡಗಿತು. 1863ರ ಕಾಯಿದೆಗೆ ಸಾಧ್ಯವಾಗದ್ದು ರೈತರ ತಕ್ಕಡಿಯಿಂದ ಸಾಧ್ಯವಾಯಿತು. ಮುಂದೆ ಗದಗ-1ರ ಸಂಕರದಿಂದ ಲಕ್ಷ್ಮೀ ತಳಿ ಬಂತು, ಜವಾರಿ ಹತ್ತಿಯಲ್ಲಿ ಜಯಧರ ಹೆಸರು ಮಾಡಿತು. ಮರ್ಸರ್ ತಂದ ಬೀಜ ಈ ನೆಲದ್ದಾಗಲು ಮುಕ್ಕಾಲು ಶತಮಾನ ಬೇಕಾಯಿತು.

ಅಣೆಕಟ್ಟು, ನೀಲಗಿರಿ

ಸ್ವಾತಂತ್ರ್ಯದ ನಂತರ ಯೋಜನೆಗಳು ದೆಹಲಿ, ಬೆಂಗಳೂರುಗಳಲ್ಲಿ ತಯಾರಾಗತೊಡಗಿದವು. 1970ರ ದಶಕದಲ್ಲಿ ಸವದತ್ತಿ ಬಳಿಯ ನವಿಲುತೀರ್ಥದ ಮಲಪ್ರಭಾ ಅಣೆಕಟ್ಟಿನ ನೀರು ನರಗುಂದ, ನವಲಗುಂದದ ಎರಿ ಭೂಮಿಗೆ ಹರಿಯಿತು. ರೈತರು ಧಾರವಾಡದಲ್ಲಿ ಡಾ. ಕಾಟರಕಿ ರೂಪಿಸಿದ ವರಲಕ್ಷ್ಮೀ ಹೈಬ್ರಿಡ್ ಹತ್ತಿ ಬೆಳೆದರು. ಹತ್ತಿಯ ಬೆಲೆ ಬಿದ್ದ ಹೊತ್ತಿನಲ್ಲೇ ನೀರಾವರಿಯಾದ ಹೊಲಕ್ಕೆ ಬೆಟರ್‌ಮೆಂಟ್ ಲೆವಿ ಕಟ್ಟಬೇಕೆಂಬ ಒತ್ತಾಯ ಬಂತು. ನೀರು ತಲುಪದ ಹೊಲಗಳಿಗೂ, ಜವುಳು ಹಿಡಿದ ಹೊಲಗಳಿಗೂ ನೋಟಿಸು ಬಂದವೆಂದು ರೈತರು ದೂರಿದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಪ್ರತಿಭಟನೆ ಹಿಂಸೆಗೆ ತಿರುಗಿ ರೈತರೂ ಪೊಲೀಸರೂ ಸತ್ತರು. ರಾಜ್ಯ ರೈತ ಸಂಘಕ್ಕೆ ಬಲ ತಂದ ಆ ದಿನವನ್ನು ಇಂದಿಗೂ ಹುತಾತ್ಮ ರೈತರ ದಿನವಾಗಿ ಆಚರಿಸುತ್ತಾರೆ. ಮಲಪ್ರಭಾ ಹೊರದೇಶದ ಯೋಜನೆಯಲ್ಲ. ತೀರ್ಮಾನ ದೂರದಲ್ಲಿದ್ದು ನಷ್ಟ ಊರಿನಲ್ಲಿದ್ದರೆ ಯೋಜನೆ ಸ್ವದೇಶದ್ದಾದರೂ ಜಗಳ ತಪ್ಪದು ಎಂಬುದಕ್ಕೆ ನರಗುಂದವೇ ಸಾಕ್ಷಿ.

ಉತ್ತರಕ್ಕೆ ಕೃಷ್ಣಾ ಮೇಲ್ದಂಡೆ ಯೋಜನೆಗೆ ವಿಶ್ವ ಬ್ಯಾಂಕ್ 1978ರಿಂದ ಸಾಲ ಕೊಟ್ಟಿತು. ಆಲಮಟ್ಟಿಯ ಹಿನ್ನೀರಿಗೆ ನೂರಾರು ಹಳ್ಳಿಗಳೂ ಬಾಗಲಕೋಟೆ ಪಟ್ಟಣದ ದೊಡ್ಡ ಭಾಗವೂ ಸೇರಬೇಕಾಯಿತು. ಪುನರ್ವಸತಿ ಹಿಂದೆ ಬಿತ್ತೆಂಬ ಕಾರಣಕ್ಕೆ ಬ್ಯಾಂಕ್ 1990ರ ದಶಕದಲ್ಲಿ ಎರಡು ಸಲ ಹಣ ತಡೆಹಿಡಿಯಿತು. ನರ್ಮದಾ ಕಣಿವೆಯ ಹೋರಾಟದ ಬಿಸಿ ಮುಟ್ಟಿದ ಬ್ಯಾಂಕ್ 1993ರಲ್ಲಿ ಸಂತ್ರಸ್ತರ ದೂರು ಕೇಳುವ ತನಿಖಾ ಮಂಡಳಿಯನ್ನು ರಚಿಸಿದ್ದೂ ಇದೇ ಕಾಲದಲ್ಲಿ.

ಇನ್ನೊಂದು ಸಂಘರ್ಷ ಮರದ ಹೆಸರಿನಲ್ಲಿ ನಡೆಯಿತು. ವಿಶ್ವ ಬ್ಯಾಂಕ್ ಮತ್ತು ಬ್ರಿಟನ್ನಿನ ನೆರವಿನಿಂದ 1983ರ ಸುಮಾರಿಗೆ ಕರ್ನಾಟಕದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಆರಂಭವಾಯಿತು. ಹಳ್ಳಿಗೆ ಸೌದೆ, ಮೇವು ಒದಗಿಸುವುದು ಅದರ ಘೋಷಿತ ಉದ್ದೇಶ. ನೆಟ್ಟದ್ದರಲ್ಲಿ ಬಹುಪಾಲು ನೀಲಗಿರಿ. ದನ ಮುಟ್ಟದ ಆ ಮರ ಸೇರಿದ್ದು ರೇಯಾನ್ ಮತ್ತು ಕಾಗದದ ಕಾರ್ಖಾನೆಗಳನ್ನು. 1984ರಲ್ಲಿ ರಾಜ್ಯ ಸರ್ಕಾರ ಹರಿಹರ ಪಾಲಿಫೈಬರ್ಸ್ ಜತೆಗೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಸ್ಥಾಪಿಸಿ, ಆಗಿನ ಧಾರವಾಡ ಸೇರಿ ಕೆಲವು ಜಿಲ್ಲೆಗಳ ಸಾವಿರಾರು ಹೆಕ್ಟೇರ್ ಸಿ ಮತ್ತು ಡಿ ವರ್ಗದ ಜಮೀನು ಕೊಡಲು ಹೊರಟಿತು. ಅವು ದನ ಮೇಯಿಸುವ, ಸೌದೆ ಆಯುವ ಸಾರ್ವಜನಿಕ ಜಾಗಗಳು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹಳ್ಳಿಗರನ್ನು ಸಂಘಟಿಸಿತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಅರ್ಜಿದಾರರಲ್ಲಿ ಮೊದಲಿಗರಾದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ಊರಿಗೆ ಉಪಯೋಗವಾಗುವ ಗಿಡ ನೆಟ್ಟರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹವೆಂದು ಹೆಸರಾದ ಈ ಹೋರಾಟದ ಫಲವಾಗಿ 1991ರಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿಯನ್ನು ಮುಚ್ಚಲಾಯಿತು.

ಸಾಲದ ನೀರು

ಗದಗ, ಮುಂಡರಗಿ ಭಾಗದ ಅನೇಕ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. 2000ದ ನಂತರ ಹೊರಗಿನ ಸಾಲ ದೊಡ್ಡ ಪ್ರಮಾಣದಲ್ಲಿ ಬಂದದ್ದು ಇಲ್ಲಿನ ಕುಡಿಯುವ ನೀರಿಗೆ. ವಿಶ್ವ ಬ್ಯಾಂಕ್ ನೆರವಿನ ಜಲನಿರ್ಮಲ ಯೋಜನೆ ಗದಗ ಸೇರಿ ಉತ್ತರದ 11 ಜಿಲ್ಲೆಗಳ ಹಳ್ಳಿಗಳಿಗೆ ಬಂತು. ಊರಿನವರು ವೆಚ್ಚದ ಒಂದು ಪಾಲು ಹಾಕಬೇಕು, ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ನಿರ್ವಹಣೆ ನೋಡಿಕೊಳ್ಳಬೇಕು ಎಂಬುದು ಅದರ ನಿಯಮ. ಹಿಂದಿನ ಯೋಜನೆಗಳಿಗೆ ಹೋಲಿಸಿದರೆ ಇದು ಹೊಸ ದಾರಿ. ಕಣಗಿನಹಾಳದ ತತ್ತ್ವವೇ ಇಲ್ಲಿಯೂ ಇತ್ತು, ಆದರೆ ಸಮಿತಿ ಊರಿನ ಒತ್ತಾಸೆಯಿಂದ ಹುಟ್ಟಿದ್ದಲ್ಲ, ಸಾಲದ ಷರತ್ತಾಗಿ ಬಂದದ್ದು. ಊರಿನವರು ಬೇಕೆಂದು ಕಟ್ಟಿಕೊಂಡ ಸಂಘಕ್ಕೂ ಷರತ್ತಿಗಾಗಿ ರಚಿಸಿದ ಸಮಿತಿಗೂ ಇರುವ ಅಂತರ ಮೋಟಾರು ಸುಟ್ಟ ದಿನ, ಕರೆಂಟ್ ಬಿಲ್ಲು ಕಟ್ಟುವ ದಿನ ಗೊತ್ತಾಗುತ್ತದೆ.

ಪಟ್ಟಣಗಳಿಗೆ ಏಷ್ಯಾ ಅಭಿವೃದ್ಧಿ ಬ್ಯಾಂಕ್ 2006ರಲ್ಲಿ ಉತ್ತರ ಕರ್ನಾಟಕ ನಗರ ವಲಯ ಹೂಡಿಕೆ ಕಾರ್ಯಕ್ರಮದಡಿ 27 ಕೋಟಿ ಡಾಲರ್ ಸಾಲ ಒಪ್ಪಿತು. ಅದರ 25 ಪಟ್ಟಣಗಳಲ್ಲಿ ಗದಗ-ಬೆಟಗೇರಿಯೂ ಒಂದು. ದಿನವಿಡೀ ನಳದಲ್ಲಿ ನೀರು ಎಂಬುದು ಗುರಿ. ನೀರಿನ ಮೂಲ ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಬಳಿಯ ತುಂಗಭದ್ರಾ ಬ್ಯಾರೇಜ್. ಹೊಸ ಪೈಪು, ಮೇಲ್ತೊಟ್ಟಿಗಳು ಬಂದದ್ದು ನಿಜ. ಬೇಸಿಗೆಯಲ್ಲಿ ವಾರಗಟ್ಟಲೆ ನೀರಿಲ್ಲದೆ ಕೊಡ ಹಿಡಿದು ಬೀದಿಗಿಳಿಯುವ ಬಡಾವಣೆಗಳು ಉಳಿದುಕೊಂಡದ್ದೂ ನಿಜ. ಅದೇ ಬ್ಯಾರೇಜಿನ ಹಿನ್ನೀರಿಗೆ ನೆಲ ಬಿಟ್ಟುಕೊಟ್ಟ ನದಿದಂಡೆಯ ಬಿದರಹಳ್ಳಿ, ವಿಠಲಾಪುರದಂಥ ಊರುಗಳಿಗೆ ಪುನರ್ವಸತಿಯೇ ಬಹುಕಾಲದ ಬೇಡಿಕೆಯಾಯಿತು.

ಹಳ್ಳಿಗುಡಿಯ ಉಕ್ಕು

2010ರ ಜೂನ್‌ನಲ್ಲಿ ಬೆಂಗಳೂರಿನ ಜಾಗತಿಕ ಹೂಡಿಕೆದಾರರ ಸಮಾವೇಶದಲ್ಲಿ ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿ ರಾಜ್ಯ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ 60 ಲಕ್ಷ ಟನ್ ಉಕ್ಕು, 32,336 ಕೋಟಿ ರೂಪಾಯಿ ಬಂಡವಾಳ. ಜಾಗ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತ 3,382 ಎಕರೆ. ಜಮೀನು ಸ್ವಾಧೀನದ ಹೊಣೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯದು.

ಊರಿನಲ್ಲಿ ಒಮ್ಮತವಿರಲಿಲ್ಲ. ಮಳೆ ನಂಬಿದ ಒಣ ಹೊಲಕ್ಕೆ ಎಕರೆಗೆ ಲಕ್ಷಾಂತರ ರೂಪಾಯಿ, ಮನೆಗೊಂದು ನೌಕರಿ ಸಿಗುವುದಾದರೆ ಕೊಡೋಣ ಎನ್ನುವವರಿದ್ದರು. ಭೂಮಿ ಹೋದರೆ ಒಕ್ಕಲುತನವೇ ಹೋದಂತೆ, ತುಂಗಭದ್ರೆಯ ನೀರು ಕಾರ್ಖಾನೆಗೆ ಹರಿದೀತು ಎನ್ನುವವರೂ ಇದ್ದರು. ಜಮೀನಿಲ್ಲದ ಕೂಲಿಕಾರರಿಗೆ ಪರಿಹಾರದ ಪಟ್ಟಿಯಲ್ಲಿ ಜಾಗವೆಲ್ಲಿ ಎಂಬ ಪ್ರಶ್ನೆಯೂ ಇತ್ತು. ಗದಗದ ತೋಂಟದಾರ್ಯ ಮಠದ ಡಾ. ತೋಂಟದ ಸಿದ್ಧಲಿಂಗ ಸ್ವಾಮೀಜಿ ವಿರೋಧದ ಮುಂದಾಳಾದರು. ಮಠದ ಕರೆಗೆ ಪಕ್ಷ, ಜಾತಿ ಮೀರಿ ಜನ ಸೇರಿದರು. 2011ರ ಜುಲೈನಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ಭೂಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿದರು. ಎರಡು ವರ್ಷ ಬೇರೆ ಜಾಗ, ಅದಿರಿನ ಗಣಿ ದೊರೆಯದೆ ಕಾದ ಪೋಸ್ಕೊ 2013ರ ಜುಲೈನಲ್ಲಿ ಕರ್ನಾಟಕದ ಯೋಜನೆಯಿಂದಲೇ ಹಿಂದೆ ಸರಿಯಿತು. ಜಮೀನು ಕೊಡಲು ಸಿದ್ಧರಿದ್ದವರಿಗೆ ಇದು ನಿರಾಸೆ. ಕಾರ್ಖಾನೆ ತಪ್ಪಿದ ಮಾತ್ರಕ್ಕೆ ಮುಂಡರಗಿಯ ಯುವಕರು ದುಡಿಮೆಗೆ ಗೋವಾ, ಮಂಗಳೂರು, ಬೆಂಗಳೂರಿಗೆ ಹೋಗುವುದು ತಪ್ಪಲಿಲ್ಲ.

ಹೋರಾಟದ ಕಸುವು ಮುಂದೆ ಕಪ್ಪತಗುಡ್ಡದ ಬೆನ್ನಿಗೆ ನಿಂತಿತು. 2015ರ ಕೊನೆಯಲ್ಲಿ ಗುಡ್ಡವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿದ ಆದೇಶವನ್ನು ಸರ್ಕಾರ 2016ರಲ್ಲಿ ಹಿಂಪಡೆದಾಗ, ಚಿನ್ನದ ಗಣಿಗೆ ದಾರಿಯಾಗುತ್ತದೆಂಬ ಆತಂಕದಿಂದ ಜನ ಮತ್ತೆ ಸೇರಿದರು. 2017ರಲ್ಲಿ ಆದೇಶ ಮರಳಿ ಜಾರಿಯಾಯಿತು, 2019ರಲ್ಲಿ ಗುಡ್ಡದ 244.15 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿ ಧಾಮವಾಯಿತು.

ಲೆಕ್ಕ

ಹೊರಗಿನಿಂದ ಬಂದದ್ದೆಲ್ಲ ಕೇಡು ಎಂಬ ಮಾತಿಗೂ, ದೊಡ್ಡ ಬಂಡವಾಳ ಬಂದರೆ ಊರು ತಾನಾಗಿ ಉದ್ಧಾರವಾಗುತ್ತದೆ ಎಂಬ ಮಾತಿಗೂ ಈ ಚರಿತ್ರೆಯಲ್ಲಿ ಆಧಾರವಿಲ್ಲ. ಅಮೆರಿಕದ ಬೀಜ, ಲಂಡನ್ನಿನ ರೈಲು, ಜರ್ಮನಿಯ ಸಾಲಸಂಘದ ಮಾದರಿ ಮೂರೂ ಗದಗಕ್ಕೆ ಉಪಯೋಗವಾಗಿವೆ. ಬೀಜ ಉಪಯೋಗವಾದದ್ದು ತಳಿ ಇಲ್ಲಿನದಾಗಿ, ಮಾರಾಟ ಸಂಘದ ತಕ್ಕಡಿ ರೈತರ ಕೈಗೆ ಬಂದ ಮೇಲೆ. ರೈಲಿನ ಲಾಭ ಪೇಟೆಗೆ ಮೊದಲು ಸಿಕ್ಕಿತು, ಹಳ್ಳಿಗೆ ಸಿಕ್ಕಿದ್ದು ಸಾಲದ ಹಿಡಿತ ಸಡಿಲವಾದಷ್ಟೇ. ಸಾಲಸಂಘ ಮೊದಲ ದಿನದಿಂದಲೇ ಊರಿನದಾಗಿತ್ತು. ನೀಲಗಿರಿ ಊರಿನ ಗೋಮಾಳವನ್ನು ಕಾರ್ಖಾನೆಯ ಹೊಲವಾಗಿಸಲು ಹೊರಟಿದ್ದರಿಂದ ಉಳಿಯಲಿಲ್ಲ. ಹಳ್ಳಿಗುಡಿಯಲ್ಲಿ ಒಪ್ಪಂದಕ್ಕೆ ಸಹಿ ಮೊದಲು ಬಿತ್ತು, ಊರಿನವರ ಮಾತು ಆಮೇಲೆ ಬಂತು. ಬೇಕು ಎನ್ನುವವರಿಗೂ ಬೇಡ ಎನ್ನುವವರಿಗೂ ಕೂತು ಮಾತಾಡುವ ಜಾಗ ಸಿಗಲಿಲ್ಲ.

ಬೆಲೆ ಬಿದ್ದರೆ, ಮಳೆ ಹೋದರೆ, ಸಾಲ ಕೊಟ್ಟವರು ಹೊರಟುಹೋದರೆ ನಷ್ಟ ಹೊರುವವರು ಹೊಲ ಉಳ್ಳವರು, ಕೂಲಿ ಮಾಡುವವರು. ಭೂಸ್ವಾಧೀನಕ್ಕೆ ಮುನ್ನ ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು, ಖಾಸಗಿ ಕಂಪನಿಗಾದರೆ ಶೇ. 80ರಷ್ಟು ಜಮೀನುದಾರರ ಒಪ್ಪಿಗೆ ಬೇಕು ಎಂದು 2013ರ ಕೇಂದ್ರ ಕಾಯಿದೆ ವಿಧಿಸಿತು. ಹಳ್ಳಿಗುಡಿಯಂಥ ಹತ್ತಾರು ಜಗಳಗಳ ಒತ್ತಡ ಅದರ ಹಿಂದಿತ್ತು. ನಷ್ಟ ಹೊರುವವರ ಮಾತಿಗೆ ಆರಂಭದಲ್ಲೇ ಜಾಗ ಕೊಟ್ಟ ಯೋಜನೆಗಳು ಗದಗ ಸೀಮೆಯಲ್ಲಿ ಉಳಿದಿವೆ. ಹಾಗೆ ಮಾಡದವುಗಳನ್ನು ಒಂದೋ ಜನ ತಿದ್ದಿಕೊಂಡಿದ್ದಾರೆ, ಇಲ್ಲವೇ ವಾಪಸು ಕಳಿಸಿದ್ದಾರೆ.